ಗಾಜಿನ ಮನೆಯ ಎಲೆಬಳ್ಳಿ

ನನ್ನ ಗಂಡ ಕರೀಮಸಾಬರು ಹಿಡಿದ ಮೊಲಕ್ಕೆ ಮೂರೇ ಕಾಲು. ಸವಣೂರಿನ ಪಾರ್ಕಿನಲ್ಲಿರುವ ಬ್ರಿಟಿಷರ ಕಾಲದ ಗಾಜಿನ ಮನೆಯನ್ನು ಸೋಮವಾರ ಕೆಡವುತ್ತಾರೆಂದು ತಿಳಿದದ್ದೇ ತಡ, ಚಹಾ ಅರ್ಧಕ್ಕೇ ಬಿಟ್ಟು ನನ್ನನ್ನೂ ಹೊರಡಿಸಿದರು. ಅದರೊಳಗೆ ವೀಳ್ಯದೆಲೆಯ ಬಳ್ಳಿ ಇನ್ನೂ ಹಸಿರಾಗಿದೆಯೆಂದು ಪಾರ್ಕಿನ ಮಾಲಿ ಹುಲಗೇಶ ಹೇಳಿದ್ದನಂತೆ.

ನಮ್ಮ ಎಲೆತೋಟ ರೋಗ ಬಿದ್ದು ಕೊಳೆತುಹೋದ ಮೇಲೆ ಇವರು ಎಲೆ ಬಾಯಿಗಿಟ್ಟವರಲ್ಲ. ಮಾವನವರು ಬೆಳೆಸಿದ ತಳಿ ಈಗ ಊರಲ್ಲೆಲ್ಲೂ ಉಳಿದಿಲ್ಲ. ಹಿಂದೊಮ್ಮೆ ಅವರೇ ಗಾಜಿನ ಮನೆಗೆ ಒಂದು ಬಳ್ಳಿ ಕೊಟ್ಟಿದ್ದರು. ಇದು ಅದೇ ಆಗಿದ್ದರೆ ಎಂಬ ಆಸೆ ಇವರಿಗೆ. ಅಲ್ಲದಿದ್ದರೆ ಇವರನ್ನು ಮನೆಗೆ ಹೇಗೆ ಕರೆತರಲಿ ಎಂಬ ಚಿಂತೆ ನನಗೆ.

ಬಾಗಿಲು ಎಂದೋ ಕಳಚಿಬಿದ್ದಿತ್ತು. ಕಬ್ಬಿಣದ ಕಮಾನುಗಳಿಗೆಲ್ಲ ತುಕ್ಕು. ಮೇಲೆ ನಾಲ್ಕಾರು ಗಾಜು ಉಳಿದಿದ್ದವು, ಮಿಕ್ಕವು ನೆಲದ ತುಂಬ ಚೂರುಚೂರಾಗಿದ್ದವು. ನಡುಗಂಬಕ್ಕೆ ಬಳ್ಳಿ ಹಬ್ಬಿತ್ತು. ಅದನ್ನು ಕಂಡಕೂಡಲೇ ಇವರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟರು.

"ಕಣ್ಣು ಎಲ್ಲಿಟ್ಟೀರಿ? ಗಾಜು ಬಿದ್ದಾವು. ಚಪ್ಪಲಿ ಮೆಟ್ಕೊಂಡು ಬರ್ರಿ," ಎಂದೆ.

"ಎಲಿಬಳ್ಳಿ ಹತ್ರ ಚಪ್ಪಲಿ ಮೆಟ್ಟಿ ಹೋದಾಂವಲ್ಲ ನಾ."

"ಇದೇನು ತೋಟ ಅಲ್ಲಲ್ರಿ."

"ಬಳ್ಳಿಗೆ ಅದು ಗೊತ್ತಿಲ್ಲ."

ವಾದಕ್ಕಿಳಿದರೆ ಅಲ್ಲೇ ಸೋಮವಾರವಾಗುತ್ತಿತ್ತು. ಗೊಣಗುತ್ತಲೇ, ಹೊರಗೆ ನಿಂತಿದ್ದ ಹುಲಗೇಶನ ಕಸಬರಿಗೆ ಇಸಿದುಕೊಂಡೆ. ನಾನೂ ಚಪ್ಪಲಿ ಬಿಟ್ಟು, ಹೊಸ್ತಿಲಿನಿಂದಲೇ ಗುಡಿಸುತ್ತ, ಗುಡಿಸಿದಷ್ಟೇ ಮುಂದಕ್ಕೆ ಹೆಜ್ಜೆಯಿಟ್ಟೆ. ಹಿಂದೆ ಇವರು ಮದುಮಗನ ಗತ್ತಿನಲ್ಲಿ ನಡೆದು ಬಂದರು.

ಕಂಬದ ಬಳಿ ನಿಂತು ಒಂದೆಲೆ ಕಿತ್ತರು, ಮೂಸಿದರು, ತೊಟ್ಟು ಮುರಿದು ಬಾಯಿಗಿಟ್ಟರು. ನಿಧಾನವಾಗಿ ಅಗಿಯುತ್ತಿದ್ದರು. ನಾನು ಆ ಮುಖವನ್ನೇ ನೋಡುತ್ತಿದ್ದೆ.

"ನಮ್ಮದಲ್ಲ," ಎಂದರು.

ನಾನು ಸಮಾಧಾನದ ಮಾತಿಗೆ ತಡಕಾಡುವಷ್ಟರಲ್ಲಿ ಇವರು ಕುಕ್ಕುರುಗಾಲಲ್ಲಿ ಕುಳಿತು, ಚಾಕು ತೆಗೆದು, ಗಟ್ಟಿಮುಟ್ಟಾದ ಒಂದು ಬಳ್ಳಿಯನ್ನು ಕೊಯ್ಯತೊಡಗಿದರು.

"ನಮ್ಮದಲ್ಲ ಅಂದ್ರಲ್ಲ, ಮತ್ತ್ಯಾಕ ಕೊಯ್ಯಾಕತ್ತೀರಿ?"

"ನೀ ಬಂಕಾಪುರದಿಂದ ಮದಿವ್ಯಾಗಿ ಬಂದಾಗ ನಮ್ಮಾಕಿ ಆಗಿದ್ದಿ ಏನು?" ಎಂದರು, ತಲೆ ಎತ್ತದೆ. "ನಮ್ಮ ಮಣ್ಣಾಗ ಬೇರು ಬಿಟ್ಟಿ, ನಮ್ಮಾಕಿ ಆದಿ."

ಕಸಬರಿಗೆ ಬದಿಗಿಟ್ಟೆ. ಪಕ್ಕದಲ್ಲೇ ಕುಳಿತು ಬಳ್ಳಿಯ ಇನ್ನೊಂದು ತುದಿ ಹಿಡಿದುಕೊಂಡೆ.