ಎರಡು ಗಂಟೆಯ ಬಿಸಿ

ಅಡುಗೆಮನೆಯ ಮೂಲೆಯಲ್ಲಿ, ಗೋಡೆಯಿಂದ ಹೊರಬಂದು ಬಚ್ಚಲಿನ ಕಡೆಗೆ ತಿರುಗುವ ದಪ್ಪ ಕೊಳವೆಯ ಪಕ್ಕದಲ್ಲಿ ಒಂದು ಮರದ ಸ್ಟೂಲಿದೆ. ಹೆಂಡತಿ ತೀರಿಕೊಂಡು ಆರು ವರ್ಷವಾದರೂ ಒಲೆ ಮೇಷ್ಟ್ರು ಅದನ್ನು ಒಂದಂಗುಲವೂ ಸರಿಸಿಲ್ಲ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ವಿದ್ಯುತ್ ಸ್ಥಾವರದ ಬಾಯ್ಲರ್ ಮುಂದೆ ಮೂವತ್ತೆಂಟು ವರ್ಷ ನಿಂತು, ಬಂದ ಹೊಸಬರಿಗೆಲ್ಲ ಬೆಂಕಿಯ ಪಾಠ ಹೇಳಿದ್ದರಿಂದ ಅಂಟಿಕೊಂಡ ಹೆಸರು ಅದು.

ಕಲ್ಲಿದ್ದಲಿನ ಕಾಲದಲ್ಲಿ ಅವರು ಮನೆಗೆ ಬಂದರೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಆಮೇಲೆ ಎಣ್ಣೆ ಬಂತು, ಅಂಗಿ ಒಗೆಯುವಾಗ ಹೆಂಡತಿ ಮೂಗು ಮುಚ್ಚಿಕೊಂಡಳು. ಎಣ್ಣೆ ಹೋಗಿ ಗ್ಯಾಸು ಬಂದಾಗ, "ಇವತ್ತು ಕೆಲಸಕ್ಕೆ ಹೋಗಿದ್ರೋ, ನೆಂಟರ ಮನೆಗೋ?" ಎಂದು ಕೆಣಕಿದಳು. ಉರಿಸುವುದು ಏನೇ ಇರಲಿ, ಸ್ಥಾವರದ ಕಸುಬು ಮಾತ್ರ ಒಂದೇ. ಉಗಿ ಟರ್ಬೈನ್ ತಿರುಗಿಸಿ ಕರೆಂಟು ಹುಟ್ಟಿಸಬೇಕು, ಉಳಿದ ಬಿಸಿಯನ್ನು ಗಾಳಿಗೆ ಬಿಡದೆ ನೀರಿಗೆ ಕೊಟ್ಟು, ಆ ನೀರನ್ನು ಕ್ವಾರ್ಟರ್ಸಿನ ಅರವತ್ತು ಮನೆಗಳಿಗೆ ಕಳಿಸಬೇಕು.

ಈಗ ಅಲ್ಲಿ ಮಗಳೇ ಎಂಜಿನಿಯರು. ಗ್ಯಾಸು ಹೋಗಿ ಮರದ ಚಕ್ಕೆ ಬರುತ್ತಿದೆ. ಶುಕ್ರವಾರ ಬೆಳಿಗ್ಗೆ ಅವಳು ದುಂಡನೆಯ ಕಾಗದಗಳ ಒಂದು ಕಟ್ಟು ತಂದು ಊಟದ ಮೇಜಿನ ಮೇಲೆ ಹರಡಿದಳು. ಬಾಯ್ಲರಿನ ಒತ್ತಡವನ್ನು ಸೂಜಿಯೊಂದು ಹಗಲೂ ರಾತ್ರಿ ಗೆರೆಯೆಳೆದು ಬರೆದ ಹಲವು ವರ್ಷಗಳ ಕಾಗದಗಳು ಅವು.

"ಅಪ್ಪಾ, ಕ್ವಾರ್ಟರ್ಸಿನ ಬಿಸಿನೀರಿನ ಲೈನು ಕತ್ತರಿಸ್ತಾರೆ. ನಾಳೆ ನಾನು ಸಹಿ ಹಾಕ್ಬೇಕು. ಮನೆಮನೆಗೂ ಕರೆಂಟ್ ಹೀಟರ್ ಕೊಡ್ತಾರಂತೆ."

"ಯಾಕಮ್ಮಾ? ಚೆನ್ನಾಗೇ ಇದೆಯಲ್ಲ!"

"ಎಲ್ಲಿ ಚೆನ್ನಾಗಿದೆ? ನೋಡಿ. ಪ್ರತಿ ಪಾಳಿ ಮುಗಿಯೋ ಹತ್ತು ನಿಮಿಷ ಮುಂಚೆ ಗೆರೆ ಕೆಳಗೆ ಜಾರಿದೆ. ಕಲ್ಲಿದ್ದಲಲ್ಲೂ ಹಾಗೇ, ಎಣ್ಣೇಲೂ ಹಾಗೇ, ಹೋದ ವಾರ ಗ್ಯಾಸಲ್ಲೂ ಹಾಗೇ. ಲೈನು ಎಲ್ಲೋ ಸೋರ್ತಿದೆ. ಚಕ್ಕೆಯ ಬಿಸಿ ಹಾಗೆಲ್ಲ ಪೋಲು ಮಾಡೋಕಾಗಲ್ಲ."

ಗೋಡೆಯ ಮೇಲೆ, ನಿವೃತ್ತಿಯ ದಿನ ಕೊಟ್ಟ ಚೌಕಟ್ಟು ನೇತಾಡುತ್ತಿತ್ತು: 'ಒಮ್ಮೆಯೂ ತಪ್ಪದ ಕೈ.' ಮೇಷ್ಟ್ರು ಒಮ್ಮೆ ಅದನ್ನೂ ಒಮ್ಮೆ ಕೊಳವೆಯನ್ನೂ ನೋಡಿದರು. ಬಾಯಿ ಬಿಟ್ಟರೆ ಚೌಕಟ್ಟಿಗೆ ಅರ್ಥವಿಲ್ಲ, ಬಿಡದಿದ್ದರೆ ಕೊಳವೆಯಿಲ್ಲ.

"ಅದು ಸೋರಿದ್ದಲ್ಲ ಕಣಮ್ಮಾ. ನಾವೇ ಕಳಿಸಿದ್ದು."

"ಅಂದ್ರೆ?"

"ಪಾಳಿ ಮುಗಿಯೋಕೆ ಹತ್ತು ನಿಮಿಷ ಇರುವಾಗ ಕ್ವಾರ್ಟರ್ಸ್ ಲೈನಿನ ವಾಲ್ವಿನ ಚಕ್ರ ಅರ್ಧ ಸುತ್ತು ಜಾಸ್ತಿ ತಿರುಗಿಸ್ತಿದ್ವಿ. ಇಲ್ಲಿ ಕೊಳವೆ ಚುರುಕ್ ಅನ್ನೋದು. ಮನೆಯೋರು ಹೊರಟ್ರು ಅಂತ ಹೆಂಗಸರಿಗೆ ಗೊತ್ತಾಗೋದು."

ಮಗಳಿಗೆ ಚಿಕ್ಕಂದಿನ ದಿನಗಳು ನೆನಪಾದವು. ಅಮ್ಮ ಸ್ಟೂಲಿನ ಮೇಲೆ ಕೂತು, ಕೊಳವೆಗೆ ಅಂಗೈ ಒತ್ತಿ, "ಅಪ್ಪ ಹೊರಟ್ರು, ಆಟದ ಸಾಮಾನು ಎತ್ತಿಡು" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳುತ್ತಿತ್ತು. ಅಮ್ಮಂದಿರಿಗೆಲ್ಲ ಇದು ಹುಟ್ಟಿನಿಂದಲೇ ಬರುವ ವಿದ್ಯೆ ಎಂದು ಅವಳು ಎಷ್ಟೋ ವರ್ಷ ನಂಬಿದ್ದಳು.

"ಯಾರು ಶುರು ಮಾಡಿದ್ದು?"

"ನಾನೇ. ನೀನು ಹುಟ್ಟಿ ಒಂಬತ್ತು ದಿನ. ನಿಮ್ಮಮ್ಮನ ಸಹಾಯಕ್ಕೆ ಮನೇಲಿ ಇನ್ನೊಂದು ಜೀವ ಇರ್ಲಿಲ್ಲ. ನಾನು ಬಂದ ತಕ್ಷಣ ನಿನ್ನ ಸ್ನಾನ ಆಗ್ಬೇಕು, ನೀರು ಬಿಸಿ ಇರ್ಲಿ ಅಂತ ತಿರುಗಿಸ್ದೆ. ತಿಂಗಳಲ್ಲಿ ಮೂರೂ ಪಾಳಿಯವರು ಕಲಿತ್ರು. ಈಗಿನವರೂ ಬಿಟ್ಟಿಲ್ಲ ಅಂತ ಕಾಣುತ್ತೆ."

"ಪಾಳಿ ಪುಸ್ತಕದಲ್ಲಿ ಸುಳ್ಳು ಬರೀಬಾರ್ದು ಅಂತ ನನಗೆ ಹೇಳಿಕೊಟ್ಟೋರು ನೀವೇ!"

"ಸುಳ್ಳು ಬರ್ದಿಲ್ಲ. ಬರೀದೆ ಬಿಟ್ಟೆ, ಅಷ್ಟೇ."

ಮಗಳು ನಗಲಿಲ್ಲ. ಕಾಗದಗಳನ್ನು ಒಟ್ಟುಮಾಡುತ್ತ ಹೇಳಿದಳು: "ಬಾಯಿಮಾತು ಅಲ್ಲಿ ನಡೆಯಲ್ಲ. ಇವತ್ತು ಎರಡು ಗಂಟೆಗೆ ಮುಗಿಯೋ ಪಾಳೀಲಿ ಚಕ್ರ ಯಾರೂ ಮುಟ್ಟಬಾರ್ದು. ಗೆರೆ ನೆಟ್ಟಗಿದ್ರೆ ಲೈನು ಉಳಿಯುತ್ತೆ. ಜಾರಿದ್ರೆ ನಾನು ಸಹಿ ಹಾಕ್ತೀನಿ. ಪಾಳಿ ಹುಡುಗರಿಗೆ ನೀವೇ ಹೇಳಿ, ಚಕ್ರ ತಿರುಗಿಸ್ತೀವಿ ಅಂತ ನನ್ನ ಹತ್ರ ಒಪ್ಕೊಳ್ಳಲ್ಲ."

ಅವಳು ಹೋದ ಮೇಲೆ ಮೇಷ್ಟ್ರು ಫೋರ್‌ಮನ್‌ಗೆ ಫೋನು ಹಚ್ಚಿದರು.

"ಯಾವ ಚಕ್ರ, ಮೇಷ್ಟ್ರೇ?" ಎಂದ ಅವನು, ಏನೂ ಅರಿಯದವನಂತೆ.

"ನನ್ನ ಹತ್ರಾನೇ ನಾಟಕ ಆಡ್ತೀಯೇನೋ? ಕಲಿಸಿದೋನು ನಾನು!"

ಒಂದೂಮುಕ್ಕಾಲಿಗೆ ಅವರು ಕೊಳವೆಯ ಮುಂದೆ ನಿಂತರು. ಸ್ಟೂಲಿನ ಮೇಲೆ ಕೂರಲು ಮನಸ್ಸಾಗಲಿಲ್ಲ. ಅಂಗೈಗೆ ಎಂದಿನ ಬಿಸುಪು ತಾಗಿತು. ಹೇಳಿದ್ದೇನೋ ಸರಿ, ಆದರೆ ಅಭ್ಯಾಸಬಿದ್ದ ಕೈ ಗಡಿಯಾರ ನೋಡಿದರೆ ತಾನಾಗಿ ಚಕ್ರದ ಕಡೆ ಹೋಗುತ್ತದೆ. ಅವರದೇ ಕೈ ಈಗಲೂ ಹೋಗುತ್ತಿತ್ತು. ಹೆಂಡತಿ ಈ ಬಿಸಿಗಾಗಿ ಕಾದಳು, ತಾನು ಅದು ಬರದಿರಲಿ ಎಂದು ಕಾಯುತ್ತಿದ್ದೇನಲ್ಲ ಎಂದು ಅವರಿಗೆ ಸಂಕಟವಾಯಿತು. ಎರಡು ಗಂಟೆಯಾಯಿತು. ಎರಡೂ ಹತ್ತಾಯಿತು. ಕೊಳವೆ ಬಿಸಿಯೇರಲಿಲ್ಲ. ಅವಳು ಇನ್ನೊಮ್ಮೆ ಹೋದಂತೆನಿಸಿ ಮೇಷ್ಟ್ರು ಅಡುಗೆಮನೆಯಲ್ಲಿ ಒಬ್ಬರೇ ನಿಂತು ಅತ್ತರು. ಆಮೇಲೆ ಮುಖ ತೊಳೆದು ಟೀಗೆ ನೀರಿಟ್ಟರು.

ಎರಡೂವರೆಗೆ ಮಗಳು ಬಂದಳು. ಲೋಟ ಎರಡಿರುವುದನ್ನು ನೋಡಿ, "ನಾನು ಬರ್ತೀನಿ ಅಂತ ಹೇಗೆ ಗೊತ್ತಾಯ್ತು?" ಎಂದಳು.

"ಕೊಳವೆ ಬಿಸಿಯಾಗಲಿಲ್ಲವಲ್ಲ."

ಅವಳು ಅಂದಿನ ಕಾಗದ ಬಿಚ್ಚಿದಳು. ಎರಡು ಗಂಟೆಯ ಜಾಗದಲ್ಲಿ ಗೆರೆ ಒಂದು ಕೂದಲಷ್ಟೂ ಜಾರಿರಲಿಲ್ಲ.

"ಲೈನು ಉಳೀತು ಅಪ್ಪಾ. ಆದ್ರೆ ಇನ್ಮೇಲೆ ಚಕ್ರ ತಿರುಗಿಸೋದು ಕಂಪ್ಯೂಟರು. ಕೈಗೆ ಸಿಗಲ್ಲ."

"ಸಿಗದಿದ್ರೆ ಬೇಡ. ಗೆರೆ ಇಷ್ಟು ವರ್ಷ ಜಾರಿದ್ದಕ್ಕೆ ಕಾರಣ ಬರೀಬೇಕಲ್ಲ, ನನ್ನ ಹೆಸರು ಬರ್ದೆಯಾ?"

ಮಗಳು ವರದಿಯ ಹಾಳೆಯನ್ನು ಅವರ ಮುಂದೆ ಸರಿಸಿದಳು. ಕಾರಣ ಎಂಬಲ್ಲಿ ಅವಳ ಅಕ್ಷರವಿತ್ತು: 'ಸೋರಿಕೆ ಇಲ್ಲ. ಬಿಸಿ ಮನೆ ಸೇರಿದೆ.'

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆಮೇಲೆ ಮೂಲೆಗೆ ಹೋಗಿ, ಸ್ಟೂಲನ್ನು ಎತ್ತಿ ತಂದು ಮೇಜಿನ ಹತ್ತಿರ ಇಟ್ಟರು.

"ಕೂತ್ಕೋ," ಎಂದರು, "ಟೀ ಆರಿಹೋಗುತ್ತೆ."