ಗೌಡರು ಕೂರುವ ಕುರ್ಚಿ

“ಕುರ್ಚಿ ಎಲ್ಲೇ ಮುಂಡೇ? ನನ್ನ ಎದೆ ನಿಂತಮೇಲೆ ತರ್ತೀಯಾ?”

ತೆಂಗಿನ ತೋಪಿನ ನಡುವೆ ಕೃಷ್ಣಸಾಮಿ ಗೌಡರು ಕೂಗಿದರು. ಕೂಗಿದ್ದೇ ತಡ, ಹೆದರಿ ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು. ಮದ್ರಾಸಿನಲ್ಲಿ ಅವರ ಹೃದಯದ ನಾಳಕ್ಕೆ ಬಲೂನು ತೂರಿಸಿ, ಊದಿ, ದಾರಿ ಬಿಡಿಸಿದ ಡಾಕ್ಟರು ಎರಡೇ ಮಾತು ಹೇಳಿ ಕಳಿಸಿದ್ದರು: ದಿನಾ ನಡೆಯಬೇಕು, ಕೋಪ ಮಾಡಿಕೊಳ್ಳಬಾರದು.

ನಡಿಗೆ ಗೌಡರದು, ಕುರ್ಚಿ ಕೂಲಿಯಾಳು ರಾಮಾತಾಳ್ ತಲೆಯ ಮೇಲೆ. ಅವರಿಗೆ ದಣಿವಾದಲ್ಲಿ ಇಳಿಸಬೇಕು, ಎದ್ದಾಗ ಹೊರಬೇಕು. ಅವಳು ಹೊತ್ತರೆ ಕುರ್ಚಿಗೆ ಮೈಲಿಗೆಯಿಲ್ಲ, ಕೂತರೆ ಉಂಟು. ಇನ್ನು ಗೌಡರಿಗೆ ಕೋಪ ಬಾರದಂತೆ ನೋಡಿಕೊಳ್ಳುವ ಕೆಲಸ ಇಡೀ ಕೇರಿಯ ಪಾಲಿಗೆ ಬಿದ್ದಿತ್ತು. ಕೂಲಿ ಹೆಚ್ಚಿಸಿ ಅಂದವನು ಕೊಲೆಗಾರ. ಅನ್ಯಾಯವಾದವರು ಮಾಸಾಣಿಯಮ್ಮನ ಗುಡಿಯಲ್ಲಿ ಮೆಣಸಿನಕಾಯಿ ಅರೆದು, ಅನ್ಯಾಯ ಮಾಡಿದವರಿಗೆ ಉರಿ ಹತ್ತಲೆಂದು ಮೊರೆಯಿಡುವುದು ಆನೈಮಲೈಯ ವಾಡಿಕೆ. ಗೌಡರ ಎದೆ ಗಟ್ಟಿಯಾಗುವ ತನಕ ಕೇರಿಯವರು ಯಾರೂ ಅರೆಯಕೂಡದೆಂದು ಗೌಡ್ತಿ ಜಾನಮ್ಮ ಕಟ್ಟಪ್ಪಣೆ ಮಾಡಿದ್ದಳು.

ರಾಮಾತಾಳ್ ಕುರ್ಚಿ ಹೊತ್ತು ಓಡಿಬಂದಳು. “ಸಾಮಿ, ನಮ್ಮೋರು ಮರದಿಂದ ಅರ್ಧಕ್ಕೇ ಇಳಿದುಬುಟ್ರು. ಎದೆನೋವು, ಎಡಗೈಯೆಲ್ಲ ಸೆಳೆತ, ಮೈ ಬೆವರು. ಗಾಡಿ ಕೊಡಿ ಸಾಮಿ, ಪೊಳ್ಳಾಚಿ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ.”

“ಮರ ಹತ್ತೋ ನಿನ್ನ ಗಂಡ ಅಯ್ಯಾಸಾಮಿಗೆ ಎಂಥ ಎದೆನೋವೇ? ವಾಯು ಅದು. ಬೆಳ್ಳುಳ್ಳಿ ಸುಟ್ಟು ತಿನ್ನಿಸು.”

“ನಿಮಗೂ ಹಿಂಗೇ ತಾನೆ ಬಂದಿದ್ದು? ನೀವ್ಯಾಕೆ ಬೆಳ್ಳುಳ್ಳಿ ತಿನ್ನಲಿಲ್ಲ?”

ಗೌಡರ ಮುಖ ಕೆಂಪಾಯಿತು. “ನನ್ನ ಎದೇನೂ ಆ ನಾಯಿಮಗನ ಎದೇನೂ ಒಂದೇನೇ? ಗಾಡೀಲಿ ಕಾಯಿ ತುಂಬೈತೆ, ಕಾಂಗೇಯಂ ಗಿರಣಿಯೋರ ಲಾರಿ ರೋಡಲ್ಲಿ ಕಾಯ್ತಾ ಐತೆ. ಸುಮ್ಮಾ ನನ್ನ ಕೆಣಕಬ್ಯಾಡ. ಇಳಿಸು ಕುರ್ಚಿ!”

ರಾಮಾತಾಳ್ ಇಳಿಸಿದಳು. ಗೌಡರು ಪಂಚೆ ಸರಿಮಾಡಿಕೊಂಡು ಬೆನ್ನು ತಿರುಗಿಸುವಷ್ಟರಲ್ಲಿ ತಾನೇ ಕೂತಳು.

“ಏಳೇ ಬೋಸುಡಿ!” ಎಂದು ಸಿಡಿದರು. ಕೈ ಎದೆಗೆ ಹೋಯಿತು. ಉಸಿರೆಳೆದುಕೊಂಡು, “ಏಳೇ,” ಅಂದರು. ನಾಡಿ ಹಿಡಿದು ನೋಡಿದರು. ಹಲ್ಲು ಕಚ್ಚಿಕೊಂಡು, “ಏಳಮ್ಮಾ...”

“ಕೋಪ ಮಾಡ್ಕೋಬ್ಯಾಡಿ ಸಾಮಿ, ನಾಳ ಕಟ್ಕೊಂಡೀತು. ನಮ್ಮೋರನ್ನ ಹತ್ತಿಸ್ಕೊಂಡು ಗಾಡಿ ಹೊರಡೋಗಂಟ ನಾನು ಏಳಾಕಿಲ್ಲ.”

ಗೌಡರು ಒಂದು ಕೈಯಲ್ಲಿ ಎದೆ, ಇನ್ನೊಂದರಲ್ಲಿ ತೆಂಗಿನ ಮರ ಹಿಡಿದು ನಿಂತರು.

ಕೊಟ್ಟಿಗೆಯ ಕಡೆಯಿಂದ ದಡದಡ ಸದ್ದು ಬಂತು. ಗಾಡಿಯಾಳು ಸೆಲ್ಲಪ್ಪನ್, ಯಾರನ್ನೂ ಕೇಳದೆ, ಗಾಡಿಯ ಕಾಯಿಗಳನ್ನೆಲ್ಲ ನೆಲಕ್ಕೆ ಸುರಿಯುತ್ತಿದ್ದ.