ಪರದೆಯ ಮೇಲೆ ತಮ್ಮನ ದೋಣಿ

ಹಿಂದಿನ ವಾರ ಮಂಜಿನಲ್ಲಿ ಒಂದು ಸರಕು ಹಡಗು ಮೈಮೇಲೆ ಬಂದು, ದೋಣಿಯ ಯಜಮಾನ ಕೂದಲೆಳೆಯಲ್ಲಿ ಪಾರಾಗಿದ್ದ. ಅಂದೇ ಅವನ ಹೆಂಡತಿ ಹಟ ಹಿಡಿದಿದ್ದಳು. "ಆ ಮಿಷಿನ್ ಹಾಕಿಸೋವರೆಗೂ ನೀವು ಕಡಲಿಗೆ ಇಳಿಯೋ ಮಾತೇ ಇಲ್ಲ!"

ಹಾಗಾಗಿ ಈ ಬೆಳಿಗ್ಗೆ ಬಂದರಿನ ರಿಪೇರಿ ಅಂಗಡಿಯ ಹೆಂಗಸು ಉಪಕರಣದ ಪೆಟ್ಟಿಗೆ ಹಿಡಿದು ದೋಣಿ ಹತ್ತಿದ್ದಳು. ಬಂದರಿನಲ್ಲಿ ಎಲ್ಲರಿಗೂ ಅವಳು ತಂತಿಯಕ್ಕ. ಅವಳು ಕೂರಿಸಬೇಕಾಗಿದ್ದುದು ಎಐಎಸ್ ಪೆಟ್ಟಿಗೆ. ದೋಣಿಯ ಹೆಸರು, ಇರುವ ಜಾಗ, ವೇಗ ಎಲ್ಲವನ್ನೂ ಅದು ಸುತ್ತಲಿನ ಹಡಗುಗಳಿಗೆ ರೇಡಿಯೋದಲ್ಲಿ ತಿಳಿಸುತ್ತದೆ, ಅವುಗಳ ಸುದ್ದಿಯನ್ನೂ ಹಿಡಿದು ನಕ್ಷೆಯ ಪರದೆಗೆ ಕೊಡುತ್ತದೆ.

ಆ ಪೆಟ್ಟಿಗೆಯ ಜಿಪಿಎಸ್ ಆಂಟೆನಾವನ್ನು ಯಜಮಾನ ತಾನೇ ಚಾಲಕನ ಕೋಣೆಯೊಳಗೆ, ತಗಡಿನ ಮಾಡಿನ ಕೆಳಗೆ ಬಿಗಿದಿಟ್ಟಿದ್ದ.

"ಇಲ್ಯಾಕೆ ಹಾಕಿದ್ರಿ ಯಜಮಾನ್ರೇ?"

"ಹೊಸದಲ್ವೇನಮ್ಮ, ನೆನೆದು ಹಾಳಾಗ್ಬಾರ್ದು ಅಂತ."

"ನೆನೆಯೋಕೇ ಹುಟ್ಟಿರೋದು ಅದು. ಆಕಾಶ ಕಾಣದೆ ಹೋದ್ರೆ ತಾನು ಎಲ್ಲಿದೀನಿ ಅಂತ ಅದಕ್ಕೇ ಗೊತ್ತಾಗಲ್ಲ."

ನಗುತ್ತಲೇ ಅವಳು ಮಾಡಿನ ಮೇಲೆ ಹತ್ತಿ, ರೇಡಿಯೋದ ಆಂಟೆನಾದಿಂದ ಒಂದು ಮಾರು ದೂರದಲ್ಲಿ ಅದನ್ನು ನಿಲ್ಲಿಸಿದಳು. ಕೇಬಲ್ ಒಳಗಿಳಿಯುವ ತೂತಿಗೆ ನೀರಿಳಿಯದಂತೆ ಅಂಟು ಮೆತ್ತಿದಳು. ಪೆಟ್ಟಿಗೆಯಿಂದ ಹೊರಡುವ ತಂತಿಯನ್ನು ಪರದೆಯ ಒಳಬರುವ ತಂತಿಗೆ ಸೇರಿಸಿದಳು. ಪರದೆಯದೇ ಜಿಪಿಎಸ್‌ನಿಂದ ಯಜಮಾನನ ದೋಣಿಯೇನೋ ಕಂಡಿತು, ಬೇರೆ ಒಂದು ಹಡಗಿನ ಸುಳಿವೂ ಇಲ್ಲ. ತಂತಿಗಳನ್ನೆಲ್ಲ ಬಿಚ್ಚಿ ನೋಡಿದಳು, ಸರಿಯಾಗಿದ್ದವು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು.

"ಪೆಟ್ಟಿಗೆ ಪಟಪಟ ಅಂತ ಹೇಳ್ತಿದೆ, ಪರದೆ ನಿಧಾನಕ್ಕೆ ಕೇಳ್ತಾ ಕೂತಿದೆ. ಎರಡಕ್ಕೂ ಒಂದೇ ವೇಗ ಇಡ್ಬೇಕು, ಅಷ್ಟೇ."

ಪರದೆಯ ಸೆಟ್ಟಿಂಗ್ ಬದಲಿಸಿದ್ದೇ ತಡ, ಹಡಗಿಗೊಂದರಂತೆ ಪುಟ್ಟ ತ್ರಿಕೋನಗಳು ಒಂದೊಂದಾಗಿ ಮೂಡಿದವು. ಪರೀಕ್ಷೆಗೆಂದು ಇಬ್ಬರೂ ದೋಣಿಯನ್ನು ಅಲೆತಡೆಯ ಗೋಡೆಯಾಚೆ ಒಯ್ದರು. ಯಜಮಾನ ಒಂದೊಂದೇ ತ್ರಿಕೋನ ಒತ್ತಿ ಹೆಸರು ಓದುತ್ತಾ ಹೋದ. ಬಂಡೆಸಾಲಿನ ಹತ್ತಿರದ ತ್ರಿಕೋನ ಒತ್ತಿದಾಗ ಅವನ ಬೆರಳು ಅಲ್ಲೇ ನಿಂತಿತು. ಪರದೆಯ ಮೇಲಿದ್ದುದು ಅವನ ತಾಯಿಯ ಹೆಸರು.

ಅದು ತಮ್ಮನ ದೋಣಿ. ಎಂಟು ವರ್ಷದ ಹಿಂದೆ ತಮ್ಮ ಒಂದು ಮಾತೂ ಹೇಳದೆ ಬೇರೆ ದೋಣಿ ಕಟ್ಟಿಸಿ, ತೀರಿಹೋದ ಅಮ್ಮನ ಹೆಸರನ್ನು ಅದರ ಮೇಲೆ ಬರೆಸಿದ್ದ. ದೊಡ್ಡವನಿಗೆ ಅದು ಸಹಿಸಲಾಗಲಿಲ್ಲ. ಅಂದಿನಿಂದ ಎದುರುಬದುರು ಮನೆಯಲ್ಲಿದ್ದೂ ಮಾತಿಲ್ಲ, ಕತೆಯಿಲ್ಲ.

"ಅವನಿಗೂ ಇದನ್ನ ನೀನೇ ಹಾಕಿಕೊಟ್ಟಿದ್ಯಾ?"

"ಹೋದ ತಿಂಗಳು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಯಜಮಾನನ ಕಣ್ಣು ತ್ರಿಕೋನದ ಪಕ್ಕದ ಅಂಕಿಗಳ ಮೇಲಿತ್ತು. ವೇಗ ಒಂದು ನಾಟ್, ಅಂದರೆ ಗಂಟೆಗೆ ಒಂದು ಕಡಲ ಮೈಲಿ; ಸಾಗುತ್ತಿದ್ದುದು ಬಂಡೆಸಾಲಿನ ಕಡೆ. ಗಾಳಿಯೂ ಅತ್ತಲೇ ಬೀಸುತ್ತಿತ್ತು.

"ಎಂಜಿನ್ ಓಡ್ತಾ ಇಲ್ಲ," ಎಂದ. "ತೇಲ್ತಾ ಇದಾನೆ."

ರೇಡಿಯೋ ಎತ್ತಿ ಕರೆದ. ಉತ್ತರವಿಲ್ಲ. ಮತ್ತೆ ಕರೆದ, ಈ ಸಲ ಅಮ್ಮನ ಹೆಸರು ಹಿಡಿದು. ತಂತಿಯಕ್ಕ ಲೆಕ್ಕ ಹಾಕಿದಳು. ಬಂಡೆಗೂ ಆ ದೋಣಿಗೂ ಅರ್ಧ ಮೈಲಿ, ಅಂದರೆ ಅರ್ಧ ಗಂಟೆ. ಇವರಿಗೆ ಎರಡು ಮೈಲಿ ದಾರಿ. ಅವಳು ಬಾಯಿ ತೆರೆಯುವಷ್ಟರಲ್ಲಿ ಯಜಮಾನ ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟಾಗಿತ್ತು.

ಹತ್ತಿರ ಹೋದಾಗ ದೋಣಿಯ ಮೇಲೆ ಯಾರೂ ಕಾಣಲಿಲ್ಲ. ಬಂಡೆಗೆ ಬಡಿದ ಅಲೆಯ ಹನಿ ಮುಖಕ್ಕೆ ಸಿಡಿಯುವಷ್ಟು ಅದು ಬಂಡೆಸಾಲಿಗೆ ಹತ್ತಿರವಾಗಿತ್ತು. ಯಜಮಾನ ಕೋಣೆಯ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ಲೇ! ಎಲ್ಲೋ ಇದೀಯಾ?"

ಎಂಜಿನ್ನಿನ ಗುಂಡಿಯಿಂದ ಗ್ರೀಸು ಮೆತ್ತಿದ ತಲೆಯೊಂದು ಮೇಲೆದ್ದಿತು. ತಮ್ಮ ಕಣ್ಣು ಮಿಟುಕಿಸಿದ. "ಅಣ್ಣಾ? ಗೇರ್ ಕಚ್ಕೊಂಡಿದೆ, ಬಿಚ್ತಾ ಇದ್ದೆ. ಲಂಗರು ಹಾಕಿದೀನಲ್ಲ..."

"ನಿನ್ನ ಲಂಗರು ಕಿತ್ಕೊಂಡು ಬಂದಿದೆ ಕಣೋ! ಹಿಂದೆ ನೋಡು!"

ತಮ್ಮ ಹಿಂದೆ ನೋಡಿದ. ಬಂಡೆಗಳನ್ನು ಕಂಡು ಅವನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಿತ್ತು.

ತಂತಿಯಕ್ಕ ಹಗ್ಗ ಎಸೆದಳು. ಮೊದಲನೆಯದು ನೀರಿಗೆ ಬಿತ್ತು, ಎರಡನೆಯದನ್ನು ತಮ್ಮ ಹಿಡಿದು ಮೂತಿಯ ಗೂಟಕ್ಕೆ ಬಿಗಿದ, ಮತ್ತೆ ಓಡಿಹೋಗಿ ಲಂಗರನ್ನು ಮೇಲೆಳೆದುಕೊಂಡ. ಎಂಜಿನ್ ಗುರುಗುಟ್ಟಿತು, ಹಗ್ಗ ಬಿಗಿದು ನೀರು ಹಿಂಡಿತು, ತಮ್ಮನ ದೋಣಿ ನಿಧಾನವಾಗಿ ಬಂಡೆಸಾಲಿನಿಂದ ದೂರ ಸರಿಯಿತು.

ಬಂದರು ಮುಟ್ಟಿದ ಮೇಲೆ ತಮ್ಮನು ಅಣ್ಣನ ದೋಣಿಗೆ ದಾಟಿ ಬಂದ.

"ಹೆಸರು ನಾನು ಇಟ್ಕೊಬಾರ್ದಿತ್ತು," ಎಂದ ತಮ್ಮ. "ಕೇಳಿಯಾದ್ರೂ ಇಡ್ಬೇಕಿತ್ತು."

"ಇಟ್ಟಿದ್ದು ಒಳ್ಳೇದೇ ಆಯ್ತು," ಎಂದ ಅಣ್ಣ. ಕಣ್ಣೊರೆಸಿಕೊಂಡು ಗದರಿದ: "ಆದ್ರೆ ಹಗ್ಗ ಹಂಗಾ ಕಟ್ಟೋದು? ಅಪ್ಪ ಕಲಿಸಿದ್ದು ಇದೇನಾ?"

"ಜೀವ ಕೈಯಲ್ಲಿ ಹಿಡ್ಕೊಂಡಿದ್ದಾಗ ಇನ್ನೆಂಗೆ ಕಟ್ಲಣ್ಣಾ?"

ಮಾತು ಬೆಳೆಯಿತು. ತಂತಿಯಕ್ಕನಿಗೆ ಇನ್ನೂ ಕೇಬಲ್‌ಗಳನ್ನು ಗೋಡೆಗೆ ಬಿಗಿಯುವ ಕೆಲಸ ಉಳಿದಿತ್ತು. ಅವಳು ಒಳಗೆ ಹೋಗಿ, ಹೊರಗಿನ ಜಗಳ ಕೇಳುತ್ತಾ, ಒಂದೊಂದೇ ಕ್ಲಿಪ್ಪು ಹಾಕತೊಡಗಿದಳು.